ಆಮೇಲೆ ನೆನಪಿಸು

ಬೋರಾ ಬಜಾರಿನ ಎರಡನೇ ಮಾಳಿಗೆ,
ಏಣಿಯಂಥ ಮೆಟ್ಟಿಲು. ಮೇಲೆ ನಾನು,
ಮದುವೆ ಕಾಗದಗಳ ಕನ್ನಡ ಕೂರಿಸುವವಳು.

ಪರದೆಯ ಮೂಲೆಯಲ್ಲಿ ಮತ್ತೆ ಎದ್ದಿತು ನೀಲಿ ಚೌಕ:
ಹೊಸದು ಬಂದಿದೆ, ಪೂರ್ತಿ ಉಚಿತ.
ಈಗಲೇ ಹಾಕಲೇ? ರಾತ್ರಿಗೆ ಹಾಕಲೇ?
ಬೇಡ ಅನ್ನುವ ಗುಂಡಿಯೇ ಇಲ್ಲ.

ಖೀಮ್ಜಿ ಸೇಠರಿಗೆ ಫುಕಟ್ ಅಂದರೆ ಸಾಕು,
ತನಗೊಂದು, ತಮ್ಮಪ್ಪನಿಗೊಂದು.
ಹೋದ ಸಲ ಅವರೇ ಒತ್ತಿದ್ದರು.
ಬೆಳಿಗ್ಗೆ ಬಂದರೆ ಎಲ್ಲ ಚೆಂದ, ಎಲ್ಲ ದುಂಡಗೆ,
ಅರ್ಕಾವೊತ್ತು ಮಾತ್ರ ಊರು ಬಿಟ್ಟಿತ್ತು.
ಘಾಟ್ಕೋಪರದ ಕರ್ಕೇರರ ಮಗಳು
ಕಕೇರರ ಮಗಳಾದಳು,
ಮುಹೂರ್ತ ಹೋಗಿ ಮುಹೂತ.
ಪ್ರೂಫು ನೋಡಿದ್ದು ನಾನೇ.
ಕಣ್ಣು ಇದ್ದದ್ದನ್ನು ಓದಲಿಲ್ಲ,
ಇರಬೇಕಾದ್ದನ್ನು ಓದಿತ್ತು.
ಐನೂರು ಕಾರ್ಡು ರದ್ದಿಗೆ,
ದುಡ್ಡು ನನ್ನ ಪಗಾರದಿಂದ.
ಕರ್ಕೇರರ ಹೆಂಡತಿ ಬೈಯಲಿಲ್ಲ,
ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು.

ಪ್ರಿಂಟರು ಹಟ ಹಿಡಿದರೆ ಎಡಗಡೆ ಎರಡು ತಟ್ಟು,
ಸೇವ್ ಕೊಟ್ಟ ಮೇಲೆ ಹತ್ತು ಎಣಿಸು,
ಹಾಳಾದ ಳಕಾರಕ್ಕೆ ಬಲಗಡೆಯ ಶಿಫ್ಟೇ ಆಗಬೇಕು.
ಒಂಬತ್ತು ವರ್ಷದಲ್ಲಿ ಬೆರಳು ಕಲಿತದ್ದು ಇದು.
ಇದನ್ನು ಯಾರು ಉಚಿತವಾಗಿ ಕೊಡುತ್ತಾರೆ?

ಆಮೇಲೆ ನೆನಪಿಸು, ಎಂದು ಒತ್ತಿದೆ.
ಚೌಕ ಮಡಚಿಕೊಂಡಿತು, ಸಾಲಗಾರನ ಹಾಗಲ್ಲ,
ಸಾಲ ಕೊಟ್ಟವನ ಹಾಗೆ.

ಆರು ನಲವತ್ತೆರಡರ ಡೊಂಬಿವಲಿ ಫಾಸ್ಟ್ ಹಿಡಿಯಬೇಕು.
ದೀಪ ಆರಿಸಿ ಮತ್ತೆ ಹಚ್ಚಿದೆ, ನಂಬಿಕೆ ಬರಲಿಲ್ಲ.
ಇಂಟರ್ನೆಟ್ಟಿನ ವೈರು ಕಿತ್ತು, ಸುತ್ತಿ,
ಖಾಲಿ ಡಬ್ಬಿಯ ಪಕ್ಕ ಚೀಲದಲ್ಲಿಟ್ಟೆ.
ಭಾಯ್ಖಳದ ನೂಕಿನಲ್ಲಿ ಯಾರದೋ ಮೊಣಕೈ
ಚೀಲವನ್ನು ಒತ್ತಿತು.
ತಡವಿ ನೋಡಿಕೊಂಡೆ. ಇದೆ.