ಮೂರೂವರೆ ಗೇಣಿನ ಮಾಗಿ

ಮೊದಲು ಇಲ್ಲೊಂದು ಆಳೆತ್ತರದ ಫ್ರೀಜರ್ ಇತ್ತು.
ಬಾಗಿಲಲ್ಲಿ ಹಿಡಿಸದೆ ಚೌಕಟ್ಟು ಕಿತ್ತು ಒಳತಂದಿದ್ದರು.
ಅದು ಬಂದು ನಿಂತಲ್ಲಿಂದ ಬೆಂಚು ಹೊರಗೆ ಹೋಯಿತು,
ಬೆಂಚಿನ ಹಿಂದೆಯೇ ಬಸುರಿಯರೂ
ಲೆಸೊಥೊದ ಜುಲೈ ಗಾಳಿಗೆ,
ಎದೆಯ ಮೇಲೆ ಕಂಬಳಿಗೆ ಪಿನ್ನು ಚುಚ್ಚಿಕೊಂಡು.

ಅದು ಕೆಟ್ಟು ಕೂತಾಗ ಯಾರೂ ಅಳಲಿಲ್ಲ.
ಲೆಬೆಕೊ, ಕಸ ಗುಡಿಸುವವನು, ಕುದುರೆಗೆ ಲಾಳ ಹೊಡೆಯುವವನು,
ಜನರೇಟರಿನ ಕಿವಿ ಹಿಂಡುವವನು,
ದಾರವೊಂದು ತಂದು ಕಟ್ಟೆಯ ಕೆಳಗೆ ಅಳೆದ.
ಅಳತೆಗೆ ಗಂಟು ಹಾಕಿ
ಮಾಸೆರುವಿಗೆ ಹೊರಟ ವ್ಯಾನಿನವನ ಕೈಗಿತ್ತ:
"ಇದಕ್ಕಿಂತ ಎರಡು ಬೆರಳು ಗಿಡ್ಡ ಇರಲಿ,
ಅದೂ ಉಸಿರಾಡಬೇಕಲ್ಲ."

ಹಾಗೆ ಬಂತು ಇದು.
ಮೂರೂವರೆ ಗೇಣು, ಮೂರು ಡ್ರಾಯರು,
ಬೊಚ್ಚುಬಾಯಿಯಂಥ ರಬ್ಬರ್ ಅಂಚು,
ಹಣೆಯಲ್ಲಿ ಕೆಂಪಗೆ ಮೈನಸ್ ಇಪ್ಪತ್ತು.
ತಲೆಯ ಮೇಲೆ ಮೈಕ್ರೋಸ್ಕೋಪು, ಹತ್ತಿಯ ಡಬ್ಬ,
ಯಾರೋ ಮರೆತ ಚಹಾ.
ಬೆಂಚು ಒಳಗೆ ಬಂತು.

ನರ್ಸ್ ನ್ಥೊಫೇಲಾಗೆ ಒಂದೇ ತಕರಾರು, ಮಂಡಿ.
ಹಳೆಯದರ ಅಂಕಿಯನ್ನು ನಿಂತೇ ಓದಬಹುದಿತ್ತು,
ಇದಕ್ಕೆ ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ನೆಲಕ್ಕೂರಬೇಕು.
ಭಾನುವಾರ ಚರ್ಚಿನಲ್ಲಿ ಸೊಂಟ ಹಿಡಿದಿದೆಯೆಂದು
ಎಲ್ಲರೂ ಮಂಡಿಯೂರಿದರೂ ಕೂತೇ ಇರುವವಳು.
ಪಾದ್ರಿಗೆ ಹೇಳಬೇಡ ಅಂದಿದ್ದಾಳೆ.

ಒಳಗೆ ಕಿರುಬೆರಳಿನಷ್ಟು ಕೊಳವೆಗಳು,
ಬೇಳೆಕಟ್ಟಿನ ಬಣ್ಣದ್ದು, ಹೆಪ್ಪುಗಟ್ಟಿದ್ದು.
ಹೆಸರಿಲ್ಲ, ಬರೀ ನಂಬರು.
ಆದರೂ ಗೊತ್ತು ಅವಳಿಗೆ,
ನಲವತ್ತೊಂದು ಉಣ್ಣೆ ಕತ್ತರಿಸುವವನದು,
ನಲವತ್ತೆರಡು ಅವನ ಹೆಂಡತಿಯದು.
ಅವನು ಸೋಮವಾರ ಬಂದಿದ್ದ, ಅವಳು ಗುರುವಾರ.
ಮನೆಯಲ್ಲಿ ತಿಳಿಯಬಾರದು ಅಂದ ಅವನು.
ಮನೆಯಲ್ಲಿ ತಿಳಿಯಬಾರದು ಅಂದಳು ಅವಳೂ.
ಈಗ ಒಂದೇ ಡ್ರಾಯರಿನಲ್ಲಿ
ಭುಜಕ್ಕೆ ಭುಜ ತಾಗಿಸಿಕೊಂಡು.

ಆಗಸ್ಟಿನಲ್ಲಿ ಹಿಮ ಬಿದ್ದು ಕಣಿವೆದಾರಿ ಕಟ್ಟಿತು.
ರಕ್ತ ಒಯ್ಯುವ ಬೈಕಿನ ಹುಡುಗ ಮೊಸಿವಾ
ಒಂಬತ್ತು ದಿನ ಬರಲಿಲ್ಲ.
ಅಂಗಡಿಯವನು ಕುರಿತೊಡೆ ಹಿಡಿದು ಬಂದ,
"ಇಷ್ಟೇ ಇಷ್ಟು ಜಾಗ..."
ಇಲ್ಲ ಅಂದಳು.
"ಹೊರಗೆ ಮುಫತ್ತು ಚಳಿ ಸುರಿಯುತ್ತಿರುವಾಗ
ಬ್ಯಾಟರಿ ಕುಡಿದು ಇದು ಬೇರೆ ಚಳಿ ಮಾಡಬೇಕೇ?
ನಿನ್ನ ಬಾಟ್ಲಿಗಳನ್ನ ಕಿಟಕಿಯಾಚೆ ಇಡು."
"ಬೆಟ್ಟದ ಚಳಿ ಮಧ್ಯಾಹ್ನಕ್ಕೆ ಮಾತು ತಪ್ಪುತ್ತೆ,
ಕೇಳು," ಅಂದಳು.
ಸೂರಿನಿಂದ ಟಪ್ ಟಪ್ಪೆಂದು ಇಳಿಯುತ್ತಿತ್ತು.

ಎಂಟನೆಯ ರಾತ್ರಿ ಬ್ಯಾಟರಿ ಬತ್ತಿತು.
ಹೀಟರ್ ಆರಿಸಿದಳು, ದೀಪ ಆರಿಸಿದಳು,
ಕಟ್ಟೆಗೆ ಬೆನ್ನು ಕೊಟ್ಟು ಕಂಬಳಿ ಹೊದ್ದು ಕೂತಳು.
ಬೆನ್ನ ಹಿಂದೆ ಅದು ಗುನುಗಿತು, ನಿಂತಿತು,
ನಿಂತಾಗೆಲ್ಲ ಇವಳ ಉಸಿರೂ.
ಮತ್ತೆ ಗುನುಗಿತು.

ಮಾರನೆಯ ದಿನ ಮೊಸಿವಾ ಬಂದ, ಮೀಸೆಯ ತುಂಬ ಮಂಜು.
ಮಂಡಿಯೂರಿ ಒಂದೊಂದಾಗಿ ಎಣಿಸಿ ಕೊಟ್ಟಳು.
ನಲವತ್ತೊಂದು, ನಲವತ್ತೆರಡು,
ಅವನ ಪೆಟ್ಟಿಗೆಯಲ್ಲೂ ಪಕ್ಕಪಕ್ಕ.
ಬೇಕಂತಲೇ ಏನಲ್ಲ.
ಬೇಕಂತಲೇ.

ಏಳಲು ಹೋದರೆ ಮಂಡಿ ಒಪ್ಪಲಿಲ್ಲ.
ಬೆಂಚಿನ ಮೇಲಿದ್ದವಳು,
ಎಂಟು ತಿಂಗಳೋ ಒಂಬತ್ತೋ,
ಒಂದು ಕೈಯಲ್ಲಿ ತನ್ನ ಹೊಟ್ಟೆ ಹಿಡಿದು
ಇನ್ನೊಂದನ್ನು ಚಾಚಿದಳು.