ಕೋಡೊಲೆ

ಬರ್ಕಾದ ಕಡಲಂಚಿಗೆ ಮೂರು ಚಿಮಣಿ.
ಹೊಗೆ ಕಾಣದು. ಅದಕ್ಕೇ ನನಗೆ ಸಂಬಳ.

ಟರ್ಬೈನು ಗ್ಯಾಸು ತಿಂದು, ಕರೆಂಟು ಕೊಟ್ಟು,
ಬಿಡುವ ಉಸಿರು ಆರುನೂರು ಡಿಗ್ರಿ.
ಅದನ್ನು ಆಕಾಶಕ್ಕೆ ಕೊಡಬಾರದು.
ಬಾಯ್ಲರಿನ ಕೊಳವೆಗಳ ಕಾಡಿಗೆ ನುಗ್ಗಿಸಿ,
ಹಬೆ ಮಾಡಿ, ಇನ್ನೊಂದು ಚಕ್ರ ತಿರುಗಿಸಿ,
ಉಳಿದ ಬಿಸಿಯನ್ನು (ಇನ್ನೂ ಉಳಿದೇ ಇರುತ್ತದೆ)
ಪಕ್ಕದ ಶೆಡ್ಡಿಗೆ ದಾಟಿಸಬೇಕು.
ಅಲ್ಲಿ ಸಮುದ್ರ ಕಾಯುತ್ತಿರುತ್ತದೆ,
ಎರಡೂ ಅರ್ಥದಲ್ಲಿ.

"ಎಲ್ಲಿ ಕಲಿತೆ?" ಎಂದ ಹೊಸ ಹುಡುಗ ಸುಲೈಯಂ ಖರೂಸಿ.
ಜುಬೈಲಿನಲ್ಲಿ, ಎರಡು ವರ್ಷ, ಎಂದೆ. ಸುಳ್ಳಲ್ಲ.
ಆದರೆ ಮೊದಲ ಪಾಠ ಶಹಾಬಾದಿನ ಖಾನಾವಳಿಯಲ್ಲಿ,
ಸಿಮೆಂಟ್ ಫ್ಯಾಕ್ಟರಿಯ ಗೇಟಿನೆದುರು.
ನೀಲಗಂಗವ್ವ ಒಂದು ಬೆಂಕಿ ಹೊತ್ತಿಸಿದರೆ
ಹಂಚಿನ ಮೇಲೆ ರೊಟ್ಟಿ, ಕೋಡೊಲೆಯ ಮೇಲೆ ತೊಗರಿಬೇಳೆ,
ಕಟಕಾಗಲೆಂದು ಒಲೆಬಾಯಿಗೆ ಆನಿಸಿಟ್ಟ ನಿನ್ನೆಯ ರೊಟ್ಟಿ,
ಕಡೆಗೆ ಬೂದಿಯೊಳಗೆ ಎರಡು ಬದನೆಕಾಯಿ.
ಬೆನ್ನ ಹಿಂದೆ ಫ್ಯಾಕ್ಟರಿಯ ಭಟ್ಟಿ
ಬಿಸಿಯನ್ನೆಲ್ಲ ಊರ ಮೇಲೆ ಚೆಲ್ಲುತ್ತಿತ್ತು.
"ಇಷ್ಟ್ ಶ್ಯಾಣ್ಯಾ ಮಂದಿ ಅದಾರ," ಕೈಯೊರೆಸಿಕೊಳ್ಳುತ್ತ ಅವಳು,
"ಒಂದ್ ಕೋಡೊಲಿ ಹಾಕ್ಲಾಕ್ ಬರಲ್ಲೇನ್ ಇವ್ರಿಗಿ?"

ಕೋಡೊಲೆಗೆ ಅರಬಿಯಲ್ಲಿ ಏನನ್ನುತ್ತಾರೆ?
ಗಾಳಿಯಲ್ಲಿ ಬರೆದು ತೋರಿಸಿದೆ:
ಒಂದು ದೊಡ್ಡ ಕಣ್ಣು, ಮಗ್ಗುಲಿಗೆ ಒಂದು ಸಣ್ಣ ಕಣ್ಣು,
ನಡುವೆ ಒಳದಾರಿ.
ಅವನು ತಲೆಯಾಡಿಸಿದ. ತಿಳಿಯಿತೋ, ಮರ್ಯಾದೆಗೋ.

ಆಗಸ್ಟಿನ ಒಂದು ರಾತ್ರಿ, ಎರಡು ಗಂಟೆ ಹತ್ತು ನಿಮಿಷ.
ಬಾಯ್ಲರ್ ಟ್ರಿಪ್ಪಾಯಿತು. ಬೈಪಾಸಿನ ಬಾಗಿಲು ತೆರೆಯಿತು.
ಟರ್ಬೈನು ಓಡುತ್ತಲೇ ಇತ್ತು; ಮಸ್ಕತ್ತಿನ ಏಸಿಗಳಿಗೆ
ಏನೂ ಗೊತ್ತಾಗಲಿಲ್ಲ.
ನಲವತ್ತು ನಿಮಿಷ, ಆ ಬಿಸಿ ನೆಟ್ಟಗೆ ನಕ್ಷತ್ರಗಳಿಗೆ.
ಚಿಮಣಿಯ ಮೇಲೆ ಆಕಾಶ ಅದುರುತ್ತಿತ್ತು.
ನನ್ನ ಮೂಗಿಗೆ ಮಾತ್ರ
ಹಾಲುಕ್ಕಿ ಒಲೆಗೆ ಬಿದ್ದ ವಾಸನೆ.
ಲಾಗ್ ಪುಸ್ತಕದಲ್ಲಿ 'ನಷ್ಟ' ಎಂಬ ಕಾಲಂ ಇದೆ, ಟನ್ನುಗಳಲ್ಲಿ.
ತುಂಬಿದೆ. ಕೈಯೊರೆಸಿಕೊಂಡೆ.

ಬೆಳಗಿನ ಜಾವ ಥರ್ಮಾಸಿನಿಂದ ಕಹ್ವಾ ಬಗ್ಗಿಸುತ್ತ
ಸುಲೈಯಂ ತಾನಾಗಿ ಹೇಳಿದ:
ನಮ್ಮ ನಖಲ್‌ನಲ್ಲಿ ಬೆಟ್ಟದ ಬುಡಕ್ಕೆ ಬಿಸಿನೀರಿನ ಊಟೆ.
ಮೇಲೆ ಮುದುಕರು ಮೊಣಕಾಲು ಅದ್ದುತ್ತಾರೆ,
ಕೆಳಗೆ ಮಕ್ಕಳ ಸ್ನಾನ, ಇನ್ನೂ ಕೆಳಗೆ ಬಟ್ಟೆ ಒಗೆತ.
ಖರ್ಜೂರದ ಬುಡ ಮುಟ್ಟುವಾಗ
ನೀರು ತಣ್ಣಗಾಗಿರುತ್ತದೆ.
ಅಜ್ಜ ಅದಕ್ಕೆ ಯಾವ ಹೆಸರೂ ಹೇಳಲಿಲ್ಲ.

ರೂಮಿಗೆ ಬಂದು ತಣ್ಣೀರ ನಲ್ಲಿ ತಿರುಗಿಸಿದರೆ ಸುಡುನೀರು.
ಇಲ್ಲಿಯ ಬೇಸಿಗೆಯೇ ಹಾಗೆ, ಮಾಳಿಗೆಯ ಟ್ಯಾಂಕಿ ಬಿಸಿಲಿನ ಹಂಡೆ.
ಗೀಸರು ಆರಿಸಿಟ್ಟಿರುತ್ತೇವೆ;
ತಂಪು ಬೇಕೆಂದರೆ ಕೆಂಪು ನಲ್ಲಿ.
ನಿನ್ನೆ ನಾನೇ ಕಾಸಿ ಇಳಿಸಿದ ನೀರೋ ಏನೋ,
ಉಪ್ಪಿಲ್ಲ, ರುಚಿಯೂ ಇಲ್ಲ.
ಬೆನ್ನಿಗೆ ಸುರಿದುಕೊಂಡೆ.

ಮೋರಿಯ ನೀರನ್ನು ವಾಚ್‌ಮನ್ ಮುಫಿಜುರ್
ಬೇವಿನ ಗಿಡಕ್ಕೆ ತಿರುಗಿಸಿದ್ದಾನೆ.
ಬೇರು ಸುಟ್ಟೀತೆಂದು
ಕಾಲುವೆಯನ್ನು ಒಂದು ಸುತ್ತು ಹೆಚ್ಚಿಗೆ ತೋಡಿದ್ದಾನೆ.