ಗುಂಡಿ ಲೆಕ್ಕ

ಇಲ್ಲಿ ಗುಂಡಿ ಅಂದರೆ ಮೊದಲು ನೆಲದ್ದು,
ಆಮೇಲೆ ಅಂಗಿಯದು.
ಆರುನೂರು ಮೀಟರು ಕೆಳಗಿಳಿದು
ಕಲ್ಲಿದ್ದಲು ಕೆದಕಿ ಬಂದವರ ಊರು;
ಗಣಿ ಮುಚ್ಚಿ ಹದಿನಾಲ್ಕು ವರ್ಷ.
ಅಸ್ತೂರಿಯಾಸ್‌ನ ಈ ಬೆಟ್ಟಸಂದಿಯಲ್ಲಿ ಬಿಸಿಲಿಗೂ ಪಾಳಿ:
ಹನ್ನೊಂದಕ್ಕೆ ಬಂದು ಮೂರಕ್ಕೆ ಹೊರಡುತ್ತದೆ.

ಗಣಿಯ ಹಳೇ ದೀಪದ ಕೋಣೆಯ ಬೀಗ ತೆಗೆಸಿ
ಗೋಡೆಯಿಂದ ಗೋಡೆಗೆ ಹನ್ನೆರಡು ಮೀಟರು ನೀಲಿ ಬಟ್ಟೆ ಕಟ್ಟಿದೆ.
ಕರಪತ್ರದಲ್ಲಿ ಬರೆದೆ:
'ಮನೆಯಿಂದ ಒಂದು ಗುಂಡಿ ತನ್ನಿ.
ಯಾರದೆಂದು ಹೇಳಿ. ನೀವೇ ಹೊಲಿಯಿರಿ.'
ಕೊನೆಯ ಹಾಜರಿ ಪುಸ್ತಕದಲ್ಲಿ ಎಂಟುನೂರ ಆರು ಹೆಸರು;
ಎರಡು ರಾತ್ರಿ ಮೊಣಕಾಲೂರಿ
ಎಂಟುನೂರ ಆರು ಸೀಮೆಸುಣ್ಣದ ಚುಕ್ಕಿ ಇಟ್ಟೆ.
ಪುರಸಭೆ ಕೊಟ್ಟದ್ದು ನಲವತ್ತು ಸೂಜಿ,
ಇನ್ನೂರು ಕಾಗದದ ಲೋಟ,
ಮತ್ತೆ ಒಂದು ಶುಭಾಶಯ.

ಮೊದಲ ದಿನ
ಚಿಲ್ಲರೆ ಕೇಳಿಕೊಂಡು ಬೇಕರಿಯ ಹುಡುಗ ಬಂದ,
ಬಚ್ಚಲು ಎಲ್ಲಿ ಎಂದು ಎತೆಲ್‌ವಿನಾ.
ಎರಡನೆಯ ದಿನ ಒಂದು ನಾಯಿ, ಅದರ ಹಿಂದೆ ಅದರ ಯಜಮಾನ.
ನಾಯಿ ಸ್ವಲ್ಪ ಹೊತ್ತು ನಿಂತು ನೋಡಿತು.

ಸಂಜೆ ಪಾನಗೃಹದಲ್ಲಿ ಬೆಲರ್ಮೀನೋ
ಸೈಡರ್ ಬಾಟಲಿ ತಲೆಗಿಂತ ಮೇಲೆತ್ತಿ,
ಸೊಂಟದ ಹತ್ತಿರದ ಲೋಟಕ್ಕೆ ಧಾರೆ ತಪ್ಪದೆ ಸುರಿಯುತ್ತ ಹೇಳಿದ:
'ಮೂವತ್ತೊಂದು ವರ್ಷ ಆ ಕೋಣೆಯಿಂದ ದೀಪ ಎತ್ತಿಕೊಂಡು ಹೋದೆ,
ವಾಪಸು ತಂದಿಡುವ ಖಾತರಿಯಿಲ್ಲದೆ.
ಈಗ ಸುಮ್ಮನೆ ನೋಡಲಿಕ್ಕೆ ಹೋಗು ಅಂತೀಯಲ್ಲ, ಹುಡುಗಿ?'
ಐವತ್ತೆರಡರ ಹುಡುಗಿ ನಾನು.
ಅವನ ಲೆಕ್ಕವನ್ನೂ ಕೊಟ್ಟು ಹೊರಬಿದ್ದೆ.

ಆ ರಾತ್ರಿ ಒಂದು ಕೆಲಸ ಮಾಡಿದೆ, ಮಾಡಬಾರದಿತ್ತು.
ಅಗ್ಗದಂಗಡಿಯಲ್ಲಿ ಕಂದು ಗುಂಡಿಯ ಪೊಟ್ಟಣ ಕೊಂಡು
ಹನ್ನೊಂದನ್ನು ನಾನೇ ಹೊಲಿದೆ,
ಹಾಲಿಗೆ ಹೆಪ್ಪು ಹಾಕಿದ ಹಾಗೆ.
ಕೆಳಗೆ ಚೀಟಿ: 'ಅಜ್ಜನದು', 'ಹೆಸರು ಬೇಡ', 'ಮೂರನೇ ಪಾಳಿ'.
ಕೈಬರಹ ಬೇರೆ ಕಾಣಲೆಂದು
ಕೆಲವನ್ನು ಎಡಗೈಯಲ್ಲಿ ಬರೆದೆ.

ಹೆಪ್ಪು ಹತ್ತಲಿಲ್ಲ.
ಮೂರನೆಯ ದಿನ ನಿಜದ ಗುಂಡಿ ಒಂದೇ ಒಂದು:
ಅಂಚೆಯ ಒಲ್ವಿದೋ ತಂದದ್ದು, ತಾಯಿಯ ರಾತ್ರಿಯುಡುಪಿನದು.
'ಗಣಿಗೆ ಇಳಿದದ್ದಲ್ಲ,' ಎಂದಳು,
'ಆದರೆ ಕತ್ತಲಲ್ಲಿ ಕಾದದ್ದು ಹೌದು.'
ಟಪಾಲಿನ ಚೀಲ ಹೆಗಲಿಂದ ಇಳಿಸದೆಯೇ ಹೊಲಿದು ಹೋದಳು.

ಕೊನೆಯ ದಿನ. ಮುಚ್ಚಲು ಹತ್ತು ನಿಮಿಷ.
ಮೊಮ್ಮಗನ ಕೋಟು ತೋಳಿಗೆ ಹಾಕಿಕೊಂಡು ಒಬ್ಬಾಕೆ:
'ಇಲ್ಲಿ ಗುಂಡಿ ಸಿಗುತ್ತದಂತೆ?'
ಬಟ್ಟೆಯ ಉದ್ದಕ್ಕೂ ನಡೆದಳು,
ಖಾಲಿ ಚುಕ್ಕಿಗಳನ್ನೂ ಬಿಡದೆ.
ಒಂದೊಂದು ಗುಂಡಿಯನ್ನೂ ಬೆರಳಲ್ಲಿ ತಿರುಗಿಸಿ,
ಕೋಟಿನದಕ್ಕೆ ಹಿಡಿದು ನೋಡಿ, ಕನ್ನಡಕ ಏರಿಸಿ, ಚೀಟಿ ಓದಿ.
ಪೂರ್ತಿ ನೋಡಿದವಳು ಅವಳೊಬ್ಬಳೇ.
'ಮೂರನೇ ಪಾಳಿ'ಯ ಮುಂದೆ ನಿಂತಳು.
ನನ್ನ ಗುಂಡಿಗೆ ಡವಡವ.
'ಅಳತೆ ಸರಿಯಿದೆ. ಆದರೆ ಸತ್ತವರದ್ದಾದರೆ ಬೇಡಮ್ಮ.'
ಸತ್ತವರದ್ದಲ್ಲ, ಎಂದೆ.

ದಾರ ಹಲ್ಲಲ್ಲಿ ಕಡಿದು, ಅಲ್ಲೇ ಕೂತು,
ಪುರಸಭೆಯ ಸೂಜಿಯಲ್ಲಿ ಕೋಟಿಗೆ ಹೊಲಿದು
ಕಾಜಕ್ಕೆ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು.
ಅಭಿಪ್ರಾಯ ಪುಸ್ತಕದಲ್ಲಿ ಬರೆದಳು:
'ಉಪಯೋಗವಾಯಿತು. ನಿಯೆವೆಸ್.'

ವರದಿಯ ನಮೂನೆ ಮುಂದಿದೆ. 'ಭಾಗವಹಿಸಿದವರು' ಎಂಬಲ್ಲಿ
ಅವಳನ್ನು ಕೂಡಿಸಲೋ ಕಳೆಯಲೋ ತಿಳಿಯದೆ
ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಿದ್ದೇನೆ.
ಲೋಟ ಇನ್ನೂರಕ್ಕೆ ನೂರತೊಂಬತ್ತಮೂರು ಉಳಿದಿವೆ.
ಸೂಜಿ ಮಾತ್ರ ಮೂವತ್ತೊಂಬತ್ತೇ ಸಿಕ್ಕಿದ್ದು.
ಇನ್ನೊಂದು ಈ ಮಡಿಸಿದ ಬಟ್ಟೆಯೊಳಗೆ ಎಲ್ಲೋ ಇದೆ;
ಹುಷಾರಾಗಿ ಎತ್ತಿಡಬೇಕು.